ಹಿನ್ನೀರಿನಲ್ಲಿ ಎಣಗಾಯಿ

ಹುಲಿಗೆಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಕಾರಣ ಅವನಿಗೂ ಗೊತ್ತಿತ್ತು, ಅವನ ಹೆಂಡತಿ ಅನುಸೂಯಾಗೂ ಗೊತ್ತಿತ್ತು. ಪುಣೆಯ ಹಡಪಸರದ ನಮ್ಮ ಕಟ್ಟಡದ ಗೋಡೆಗಳು ಹಪ್ಪಳದಷ್ಟು ತೆಳುವಾದ್ದರಿಂದ ಪಕ್ಕದ ಮನೆಯ ನನಗಂತೂ ಬಾಯಿಪಾಠವೇ ಆಗಿತ್ತು. ಕಾರಣದ ಹೆಸರು ಅಂಬಾದಾಸ.

ಹುಲಿಗೆಪ್ಪ ಕೊಪ್ಪಳದ ಕಡೆಯವನು. ಅವನ ಅಪ್ಪ ಅವ್ವ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರು. ಮಗ ಐಟಿಐ ಮುಗಿಸಿ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆ ಸೇರಿ ಶಿಫ್ಟ್ ಇನ್‌ಚಾರ್ಜ್ ತನಕ ಏರಿದ. ಅಲ್ಲಿಂದ ಅವನನ್ನು ಇಳಿಸಿದವನು ಪ್ಲಾಂಟ್ ಮ್ಯಾನೇಜರ್ ಅಂಬಾದಾಸ. ಒಂದು ದಿನ ಆತ ಫೋನಿನಲ್ಲಿ ವಾಲ್ವ್ ತೆಗೆಯಲು ಹೇಳಿದ, ಇವನು ತೆಗೆದ, ಟ್ಯಾಂಕಿನಲ್ಲಿದ್ದ ಮಾಲೆಲ್ಲ ಚರಂಡಿಗೆ ಹೋಯಿತು. ವಿಚಾರಣೆಯಲ್ಲಿ ಅಂಬಾದಾಸ, "ನಾನು ಹೇಳೇ ಇಲ್ಲ" ಎಂದುಬಿಟ್ಟ. ಹುಲಿಗೆಪ್ಪನನ್ನು ಗೇಟಿನ ಬಳಿ ಲಾರಿ ತೂಗುವ ಕಾಟಾಕ್ಕೆ ಕೂರಿಸಿದರು.

"ಕಾಟಾ ಆಗ್ಲಿ, ಕಸಾ ಹೊಡಿಯೂದರೆ ಆಗ್ಲಿ, ನಾ ಮಾಡ್ತೀನಣ್ಣ," ಎನ್ನುತ್ತಿದ್ದ. "ಆದ್ರ ಆ ಎಣಗಾಯಿ ನಾಕು ಮಂದಿ ಮುಂದ ನಿಂತು 'ನಾನs ಹೇಳಿದ್ದೆ' ಅನ್ನಬೇಕು. ಅಲ್ಲೀತನಕ ನನ್ನ ಜೀವಕ್ಕ ಸಮಾಧಾನ ಇಲ್ಲ."

ಇಡೀ ಬದನೆಕಾಯಿಯನ್ನು ಸೀಳಿ, ಮಸಾಲೆ ತುಂಬಿ, ಎಣ್ಣೆಯಲ್ಲಿ ಬೇಯಿಸಿದರೆ ಎಣಗಾಯಿ. ಅಂಬಾದಾಸ ಗುಂಡಗೆ, ನುಣ್ಣಗೆ, ಸದಾ ಎಣ್ಣೆ ಸವರಿದಂತೆ ಹೊಳೆಯುವ ಮನುಷ್ಯ. ಹೆಸರು ಇಟ್ಟವನು ಹುಲಿಗೆಪ್ಪನೇ, ಕಂಪನಿ ಬಸ್ಸಿನಲ್ಲಿ, ಅಂಬಾದಾಸ ಎದುರಿಗಿರುವಾಗಲೇ. ಪುಣೆಯ ಕನ್ನಡಿಗರಾದ ನಮ್ಮ ಪದ್ಧತಿಯೇ ಹಾಗೆ. ಹೊಸ್ತಿಲು ದಾಟಿದರೆ ಬದುಕುವುದಕ್ಕೆ ಮರಾಠಿ, ಬೈಯುವುದಕ್ಕೆ ಕನ್ನಡ. ನಾನೂ ಮಾತೃಭಾಷೆಗೆ ಮಾಡಿದ ಸೇವೆ ಬಹುಪಾಲು ಈ ಬಗೆಯದ್ದೇ. ಬಸ್ಸಿನಲ್ಲಿ ಹುಲಿಗೆಪ್ಪನೂ ಆಪರೇಟರ್ ಬಾಬುವೂ ನಗುನಗುತ್ತ ಒಬ್ಬೊಬ್ಬರನ್ನೂ ಹುರಿದು ಮುಕ್ಕುತ್ತಿದ್ದರೆ, ಉಳಿದವರು ಇವರೇನೋ ಊರ ದೇವರ ಸುದ್ದಿ ಮಾತಾಡುತ್ತಿದ್ದಾರೆಂದು ತಿಳಿಯುತ್ತಿದ್ದರು.

ನಿದ್ದೆ ಕೆಟ್ಟು ಬಿಪಿ ಏರಿದಾಗ ಮನೋವೈದ್ಯರು ಮಾತ್ರೆಯ ಜೊತೆ ಕಯಾಕ್ ಎಂಬ ಕಿರುದೋಣಿಯನ್ನೂ ಬರೆದುಕೊಟ್ಟರು. ಭೋರ್ ಹತ್ತಿರದ ಹಿನ್ನೀರಿನಲ್ಲಿ ಎಲ್ಲರೂ ಮರಾಠಿಯಲ್ಲಿ 'ತಾಯಿ', ಅಂದರೆ ಅಕ್ಕ, ಎನ್ನುವ ಮೃಣ್ಮಯಿ ಎಂಬ ಆಪ್ತಸಲಹೆಗಾರ್ತಿ ಭಾನುವಾರ ಜನರನ್ನು ನೀರಿಗಿಳಿಸಿ ಮನಸ್ಸು ಹಗುರ ಮಾಡಿಸುತ್ತಾರಂತೆ.

"ನೀರಿಗೆ ಇಳಿಸಿದ್ರ ಸಿಟ್ಟು ಹೋಗ್ತದಂದ್ರ ಎಮ್ಮಿ ಯಾಕ ಹಾಯ್ತಾವು?" ಎಂದು ಕೇಳಿದ ಅನುಸೂಯಾ, ರೊಟ್ಟಿ ಕಟ್ಟಿಕೊಟ್ಟು, ಕಾವಲಿಗೆ ನನ್ನನ್ನು ಜೊತೆ ಮಾಡಿದಳು.

ಕಯಾಕ್ ನೋಡಿದ ಹುಲಿಗೆಪ್ಪ, "ಸೌತಿಕಾಯಿ ಸೀಳಿ ತಿರುಳು ತಗದಂಗ ಅದ" ಎಂದು ಸಲೀಸಾಗಿ ಕೂತ. ಚಿಕ್ಕಂದಿನಲ್ಲಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸಿದವನು. ನನ್ನ ಸೊಂಟಕ್ಕೂ ಅದರ ತೂತಿಗೂ ಜಾತಕ ಕೂಡಿಬರಲಿಲ್ಲ. ಇಬ್ಬರು ನನ್ನನ್ನು ಎಳೆದು ಹೊರತೆಗೆದ ಮೇಲೆ ನಾನು ದಂಡೆಯಲ್ಲಿ ಎಲ್ಲರ ಚಪ್ಪಲಿ ಕಾಯುವ ಹುದ್ದೆ ವಹಿಸಿಕೊಂಡೆ.

ತಾಯಿಯ ವಿಧಾನ ಸರಳ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕಬೇಕು. ಪ್ರತಿ ಸಲವೂ ಎದೆಯ ಭಾರವನ್ನು ನಿಮ್ಮ ನಿಮ್ಮ ಭಾಷೆಯಲ್ಲಿ ನೀರಿಗೆ ಹೇಳಬೇಕು. ಯಾರಾದರೂ ಗಟ್ಟಿಯಾಗಿ ಹೇಳಿಕೊಂಡರೆ ದಂಡೆಯಲ್ಲಿದ್ದವರು ಚಪ್ಪಾಳೆ ತಟ್ಟಿ ಧೈರ್ಯ ತುಂಬಬೇಕು.

ಹುಲಿಗೆಪ್ಪ ಶುರು ಮಾಡಿದ. ಎಡಕ್ಕೆ, "ಎಣಗಾಯಿ!" ಬಲಕ್ಕೆ, "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎಡಕ್ಕೆ, "ಎಣಗಾಯಿ!" ಬಲಕ್ಕೆ, "ನಿನ್ನ ಹೆಣಾ ಎತ್ತ!" ಹಿನ್ನೀರಿನ ಕೊಕ್ಕರೆಗಳು ಆಚೆ ದಂಡೆಗೆ ವಲಸೆ ಹೋದವು.

ತಾಯಿಯ ಕಣ್ಣು ತುಂಬಿ ಬಂತು. "ಹುಲಿಗೆಪ್ಪಾ ಭಾವು, ಇದು ಯಾವ ಮಂತ್ರ?" ಎಂದು ಮರಾಠಿಯಲ್ಲಿ ಕೇಳಿದರು.

"ನಮ್ಮೂರ ಭಜನ, ತಾಯಿ," ಎಂದು ಇವನೂ ಮರಾಠಿಯಲ್ಲೇ ಹೇಳಿದ.

ಅದರ ಲಯ ತಾಯಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ಭಾನುವಾರದಿಂದ ಶಿಬಿರದ ಎಲ್ಲರೂ ಎಡಕ್ಕೆ ಹುಟ್ಟು ಹಾಕುವಾಗ "ಎಣಗಾಯಿ" ಎನ್ನತೊಡಗಿದರು. ಬ್ಯಾಂಕಿನವರು, ಕಾಲೇಜಿನವರು, ಗಂಡ ಬಿಟ್ಟವರು, ಹೆಂಡತಿ ಬಿಟ್ಟವರು, ಎಲ್ಲರೂ ಭಕ್ತಿಯಿಂದ.

ಔಷಧ ಹತ್ತಿತು. ಹುಲಿಗೆಪ್ಪನ ಗೊರಕೆ ನಮ್ಮ ಮನೆಗೂ ಕೇಳತೊಡಗಿತು. ಸಿಟ್ಟು ಹೋಗಿರಲಿಲ್ಲ, ಸಿಟ್ಟಿಗೆ ತೋಳು ಬಂದಿದ್ದವು. ತಾವೂ ನಿದ್ದೆಗೆಟ್ಟಿದ್ದ ಕಂಪನಿಯ ದೊಡ್ಡ ಸಾಹೇಬರು, ಕಾಟಾದವನು ಇಷ್ಟು ಗೆಲುವಾಗಿರುವುದು ಹೇಗೆಂದು ವಿಚಾರಿಸಿದರು. ಗುಟ್ಟು ತಿಳಿದದ್ದೇ ತಡ, ಇಡೀ ಆಫೀಸನ್ನು ಒಂದು ಭಾನುವಾರ ಭೋರಿಗೆ ಹೊರಡಿಸಿದರು. ಅಂಬಾದಾಸನನ್ನೂ.

ಅಂದು ದಂಡೆಯಲ್ಲಿ ಕಂಡ ದೃಶ್ಯವನ್ನು ನಾನು ಮರೆಯಲಾರೆ. ಲೈಫ್ ಜಾಕೆಟ್ ತೊಟ್ಟ ಕಾರ್ಖಾನೆಯವರೆಲ್ಲ ಸಾಲಾಗಿ ನಿಂತು, ತಾಯಿ ಹೇಳಿಕೊಟ್ಟಂತೆ, "ಎಣಗಾಯಿ... ಎಣಗಾಯಿ" ಎಂದು ಉಸಿರು ಬಿಡುತ್ತಿದ್ದರು. ಮೊದಲ ಸಾಲಿನಲ್ಲಿ ಅಂಬಾದಾಸ, ಕೇಸರಿ ಜಾಕೆಟ್ಟಿನಲ್ಲಿ ಇನ್ನಷ್ಟು ಗುಂಡಗೆ, ಅವನೂ "ಎಣಗಾಯಿ" ಎನ್ನುತ್ತಿದ್ದ. ಹುಲಿಗೆಪ್ಪ ನಗು ತಡೆಯಲಾರದೆ ಮರದ ಹಿಂದೆ ಹೋಗಿ ಅತ್ತು ಬಂದ.

ಯಾರ ನಡುವೆ ಮಾತಿಲ್ಲವೋ ಅವರನ್ನು ತಾಯಿ ಇಬ್ಬರು ಕೂರುವ ಒಂದೇ ಕಯಾಕಿನಲ್ಲಿ ಕೂರಿಸುತ್ತಿದ್ದರು. ಬಲ್ಲವನು ಹಿಂದೆ ಕೂತು ತಿರುಗಿಸಬೇಕು, ಹೊಸಬ ಮುಂದೆ. ಹೀಗೆ ಅಂಬಾದಾಸನ ಬೆನ್ನು ಹುಲಿಗೆಪ್ಪನ ಕೈಗೆ ಸಿಕ್ಕಿತು. ಮುಂದಿನದನ್ನು ಹುಲಿಗೆಪ್ಪನೇ ನನಗೆ ಹೇಳಿದ್ದು.

ದಂಡೆ ದೂರವಾದ ಮೇಲೆ ಆ ಬೆನ್ನಿಗೆ ಮೆಲ್ಲಗೆ ಅಭಿಷೇಕ ಶುರುವಾಯಿತು. ಎಡಕ್ಕೊಂದು ಬೈಗುಳ, ಬಲಕ್ಕೊಂದು ಶಾಪ. ಇಂಥ ಸುಖವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನೀರಿಗೆ ಹೆದರಿದ ಅಂಬಾದಾಸ ಎರಡೂ ಅಂಚು ಹಿಡಿದು ಕೂತಿದ್ದ. ಕೈಬಿಟ್ಟ ಅವನ ಹುಟ್ಟನ್ನೂ ಹುಲಿಗೆಪ್ಪನೇ ಎತ್ತಿಟ್ಟುಕೊಂಡ. ಬೈಗುಳ ಅಂಬಾದಾಸನಿಂದ ಅವನ ಅವ್ವನ ಕಡೆ ತಿರುಗಿತು.

ಆಗ ಬೆನ್ನು ಮಾತಾಡಿತು. "ಅವ್ವನ ಸುದ್ದಿ ಒಂದು ಬಿಡ್ರಿ, ಹುಲಿಗೆಪ್ಪ. ಉಳದದ್ದು ದಿನಾ ಬಸ್ಸಿನ್ಯಾಗ ಕೇಳೂದs ಅದ."

ಹುಟ್ಟು ನೀರಿನಲ್ಲೇ ನಿಂತಿತು.

"ನಿಮಗ... ಕನ್ನಡ ಬರ್ತದೇನ್ರಿ?"

"ನಾವು ಅಕ್ಕಲಕೋಟದವರು. ಮನ್ಯಾಗ ಅದs ಮಾತಾಡೂದು."

"ಹೇಳಲೇ ಇಲ್ಲಲ್ರೀ!"

"ಹೆಂಗ ಹೇಳ್ಬೇಕು? ಮೊದಲ್ನೇ ದಿನಾನs ಎಣಗಾಯಿ ಅಂದ್ರಿ. 'ಹೌದ್ರಿ, ನಾನs ಎಣಗಾಯಿ' ಅಂತ ಕೈ ಎತ್ತಲ್ಯಾ?" ಅಂಬಾದಾಸ ತಿರುಗಿ ನೋಡಲಿಲ್ಲ, ತಿರುಗಿದರೆ ದೋಣಿ ಮಗುಚುವ ಭಯ. "ನಿಮ್ಮ ಹಾಸ್ಯ ಚಲೋ ಇರ್ತದ. ಎಷ್ಟೋ ಸಲ ನಗು ತಡಕೊಂಡೀನಿ. ಆದ್ರ ನನ್ನ ಮಗಳ ನಿಶ್ಚಯದ ಪೇಢಾ ತಿಂದು ಏನಂದ್ರಿ? 'ಇದು ಸಣ್ಣ ಎಣಗಾಯಿ, ಪಾಪ, ಯಾರ ತಾಟಿಗೆ ಬಿತ್ತೋ' ಅಂದ್ರಿ. ಅವತ್ತು ಗಂಟು ಹಾಕಿದೆ. ವಾಲ್ವ್ ಸಿಕ್ತು, ತೀರಿಸಿದೆ."

ಹುಲಿಗೆಪ್ಪನಿಗೆ ನಾಚಿಕೆಯಾಯಿತಂತೆ. ನಿಜವಾಗಿ ಆಯಿತಂತೆ. ಆದರೆ ನಾಚಿಕೆ ಕಲ್ಲಿನಂತೆ ತಳ ಸೇರಿತು, ಸಿಟ್ಟು ಬೆಂಡಿನಂತೆ ಮೇಲೆ ಬಂತು. ನಾಲ್ಕು ಹುಟ್ಟು ಎಳೆದು ದೋಣಿಯನ್ನು ನಟ್ಟನಡುವೆ ತಂದು, ಎರಡೂ ಹುಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.

"ಒದರ್ರಿ."

"ಏನು?"

"ವಾಲ್ವ್ ಯಾರು ತಗೀ ಅಂದ್ರು ಅಂತ. ಅಲ್ಲೆ ಸಾಹೇಬ್ರು ನಿಂತಾರ."

"ಮೊದಲ ನನ್ನ ಮಗಳಿಗೆ ತಪ್ಪಾತು ಅನ್ರಿ."

"ತಪ್ಪಾತ್ರಿ. ಮಗಳಿಗೆ ತಪ್ಪಾತು. ನಿಮಗಲ್ಲ. ಈಗ ಒದರ್ರಿ."

ಅಂಬಾದಾಸ ಅಂಚುಗಳನ್ನು ಇನ್ನಷ್ಟು ಬಿಗಿಹಿಡಿದ. ಗಾಳಿ ದೋಣಿಯನ್ನು ನಿಧಾನ ತಿರುಗಿಸತೊಡಗಿತು. ದಂಡೆಯಲ್ಲಿ ತಾಯಿ ಸಾಹೇಬರಿಗೆ ಆ ಕಡೆ ಬೆರಳು ಮಾಡಿ, ಇಬ್ಬರ ಮೌನ ಎಷ್ಟು ಆಳವಾಗಿದೆ ನೋಡಿ ಎಂದರು. ಸಾಹೇಬರು ತಲೆದೂಗಿದರು. ನಾನೂ ದೂಗಿದೆ, ಚಪ್ಪಲಿ ಕಾಯುವವನು ಮತ್ತೇನು ಮಾಡಬೇಕು?

ಒಂದು ಅಲೆಗೆ ದೋಣಿ ಓಲಾಡಿತು. ಹುಲಿಗೆಪ್ಪ ಹರಿಗೋಲಿನ ದಿನಗಳ ವಿದ್ಯೆ ನೆನೆದು ಅದನ್ನು ಇನ್ನೊಂದಿಷ್ಟು ಓಲಾಡಿಸಿದ.

"ಒದರ್ತೀನಿ, ಒದರ್ತೀನಿ! ನಾನs ತಗೀ ಅಂ..."

"ಕನ್ನಡದಾಗ ಬ್ಯಾಡ್ರಿ," ಎಂದ ಹುಲಿಗೆಪ್ಪ. "ನಿಮಗ ಕನ್ನಡ ಎಲ್ಲೆ ಬರ್ತದ? ಮರಾಠಿ!"

ಅಂಬಾದಾಸ ದಂಡೆಗೆ ಕೇಳುವಂತೆ ಮರಾಠಿಯಲ್ಲಿ ಕಿರುಚಿದ: ವಾಲ್ವ್ ತೆಗೆಯಲು ಹೇಳಿದ್ದು ನಾನೇ, ಹುಲಿಗೆಪ್ಪನ ತಪ್ಪಿಲ್ಲ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ತಾಯಿ ಕಲಿಸಿದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು. ಆಮೇಲೆ ಕೇಳಿದ್ದು ತಲೆಗೆ ಹತ್ತಿ, ಅವರ ಎರಡೂ ಕೈಗಳು ಗಾಳಿಯಲ್ಲೇ ನಿಂತವು.

ವಾರದೊಳಗೆ ಹುಲಿಗೆಪ್ಪನಿಗೆ ಶಿಫ್ಟ್ ಮರಳಿ ಸಿಕ್ಕಿತು. ಅಂಬಾದಾಸನಿಗೆ ಒಂದು ಮೆಮೊ. ಮ್ಯಾನೇಜರುಗಳಿಗೆ ಅಷ್ಟೇ ಸಿಗುವುದು ಲೋಕರೂಢಿ. ಹುಲಿಗೆಪ್ಪ ಕಟ್ಟಡಕ್ಕೆಲ್ಲ ಜಿಲೇಬಿ ಹಂಚಿದ. ನಾನು ಎರಡು ಸಲ ಇಸಿದುಕೊಂಡೆ.

ಜಿಲೇಬಿ ಕರಗುವಷ್ಟರಲ್ಲಿ ಅಂಬಾದಾಸ ಬಸ್ಸಿನಲ್ಲಿ ಬಾಯಿ ಬಿಟ್ಟ. ಇಷ್ಟು ವರ್ಷ ಕೇಳಿದ್ದ ಹುಲಿಗೆಪ್ಪನ ಕನ್ನಡವನ್ನೆಲ್ಲ ಶುದ್ಧ ಮರಾಠಿಗೆ ಅನುವಾದ ಮಾಡಿ, ದಿನಕ್ಕೊಬ್ಬರಿಗೆ ಹಂಚತೊಡಗಿದ. ಮೊದಲ ದಿನ ಡ್ರೈವರನಿಗೆ ತನ್ನ ಅಡ್ಡಹೆಸರು "ಕೋಣ ಮಾರಿದ ಯಮ" ಎಂದು ತಿಳಿಯಿತು. ಮರುದಿನದಿಂದ ಬಸ್ಸು ಹುಲಿಗೆಪ್ಪನ ಸ್ಟಾಪಿನಲ್ಲಿ ನಿಲ್ಲುವುದನ್ನು ಮರೆಯಿತು. ಎರಡನೆಯ ದಿನ ಕ್ಯಾಂಟೀನಿನವನ ಸರದಿ. ಹುಲಿಗೆಪ್ಪನ ಚಹಾ ಬಣ್ಣ ಕಳೆದುಕೊಂಡಿತು. ಆಪರೇಟರ್ ಬಾಬು ಸೀಟು ಬದಲಿಸಿ, ತಾನು ಬೆಂಗಳೂರಿನ ಕಡೆಯವನೆಂದೂ ಈ ಕನ್ನಡ ತನಗೂ ತಿಳಿಯುವುದಿಲ್ಲವೆಂದೂ ಸಾರಿದ.

"ಮಾಡಿದ್ದುಣ್ಣೋ ಮಾರಾಯಾ," ಎಂದಳು ಅನುಸೂಯಾ. "ಇನ್ನ ಯಾರ್ಯಾರು ಉಳದಾರ?"

"ದೊಡ್ಡ ಸಾಹೇಬ್ರು," ಎಂದ ಹುಲಿಗೆಪ್ಪ, ಕೂತಲ್ಲೇ ಕುಗ್ಗಿ.

"ಅವರಿಗೇನಂದಿದ್ದಿ?" ಎಂದು ನಾನು ಕೇಳಿದೆ.

"ತೊಯ್ದ ಕೋಳಿ."

"ಅಷ್ಟೇನಾ? ಹೋಗಲಿ ಬಿಡು, ಸಣ್ಣದು."

"ಅಣ್ಣಾ," ಎಂದ ಅವನು, ದನಿ ತಗ್ಗಿಸಿ, "ಅವರ ಹೆಂಡ್ತಿಗೂ ಒಂದು ಇಟ್ಟೀನಿ."

ಹೇಳಿದವನೇ ಎದ್ದು, ಗೂಟಕ್ಕೆ ನೇತುಹಾಕಿದ್ದ ಲೈಫ್ ಜಾಕೆಟ್ ತೆಗೆದುಕೊಂಡು ಭೋರಿಗೆ ಹೊರಟ. ಅಂದು ಭಾನುವಾರ ಕೂಡ ಆಗಿರಲಿಲ್ಲ.