ನಾಗವೇಣಿಯ ನೀರಿನ ಕಾರ್ಡುಗಳು

ನಾಗವೇಣಿಯ ಕಾರ್ಡಿನ ಕಟ್ಟಿನಲ್ಲಿ ನೀರು ಯಾವಾಗಲೂ ಜಾಸ್ತಿ. ಅವಳು ಸೋಲುತ್ತಿದ್ದುದೂ ಅದಕ್ಕೇ.

ಠಾಕುರ್ಲಿಯಲ್ಲಿ ಅವಳು ಹತ್ತುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೇ ನಾನೂ ಠಾಣೆಯವರೆಗೆ ಹೋಗುತ್ತೇನೆ. ಅಲ್ಲಿಂದ ಅವಳು ಗಾಡಿ ಬದಲಿಸಿ ರಬಾಳೆಯ ಔಷಧಿ ಪ್ಯಾಕಿಂಗ್ ಕಂಪನಿಗೆ ಹೋಗುತ್ತಾಳೆ. ಗಂಡಸರು ಮಡಿಲ ಮೇಲೆ ಬ್ಯಾಗಿಟ್ಟುಕೊಂಡು ರಮ್ಮಿ ಆಡುವುದು ಎಲ್ಲರಿಗೂ ಗೊತ್ತು. ನಮ್ಮ ಡಬ್ಬಿಯಲ್ಲಿ ಆಡುವುದು ಸಪ್ತದ್ವೀಪ. ಡೊಂಬಿವಲಿಯಲ್ಲಿ ಆಟಿಕೆ ಅಂಗಡಿ ಇಟ್ಟಿರುವ ಯತಿನ್ ಹುಟ್ಟುಹಾಕಿದ ಆಟ ಅದು. ಅವನ ತಂಗಿ ಶ್ರದ್ಧಾ ಅದರ ಹುಚ್ಚನ್ನು ಡಬ್ಬಿಗೆ ತಂದು ಹಚ್ಚಿದಳು. ಕಿಟಕಿ ಸೀಟಿಗೆ ಕಿತ್ತಾಡುತ್ತಿದ್ದವರೆಲ್ಲ ಈಗ ಕಾರ್ಡಿಗೆ ಕಿತ್ತಾಡುತ್ತಾರೆ. ಕಿಟಕಿ ನನಗೆ ಸಿಕ್ಕಿತು, ಹಾಗಾಗಿ ನನ್ನದೇನೂ ದೂರಿಲ್ಲ.

ಆಟ ಕಷ್ಟದ್ದಲ್ಲ. ಕಾರ್ಡು ಕೊಂಡು, ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಂಡು, ಪ್ರತಿಯೊಬ್ಬರೂ ತಮ್ಮದೇ ನಲವತ್ತರ ಕಟ್ಟು ಮಾಡಿಕೊಳ್ಳಬೇಕು. ಕೆಲವು ಕಾರ್ಡುಗಳಲ್ಲಿ ಪ್ರಾಣಿಗಳು, ಕೆಲವುಗಳಲ್ಲಿ ನೀರು. ನೀರು ಇಳಿಸಿದ ಮೇಲೆಯೇ ಎದುರಾಳಿಯೊಡನೆ ಕಾದಾಡುವ ಪ್ರಾಣಿ ಇಳಿಸಬೇಕು. ನೀರು ಕಡಿಮೆಯಾದರೆ ಪ್ರಾಣಿಗಳು ಕೈಯಲ್ಲೇ ಬಾಯಾರಿ ಕೂರುತ್ತವೆ; ಹೆಚ್ಚಾದರೆ ಕೈತುಂಬ ನೀರೇ ಬಂದು ಕಾದಾಡಲು ಯಾರೂ ಇರುವುದಿಲ್ಲ. ಹದಿನಾರು ನೀರು ಸಾಕೆಂದು ಶ್ರದ್ಧಾಳ ಲೆಕ್ಕ. ನಾಗವೇಣಿ ಇಟ್ಟುಕೊಳ್ಳುತ್ತಿದ್ದದ್ದು ಇಪ್ಪತ್ತೊಂದು.

"ಅಕ್ಕಾ, ಪಾನಿ ಬಹುತ್ ಜ್ಯಾದಾ ಹೈ. ಪಾಂಚ್ ನಿಕಾಲೋ ನಾ," ಎನ್ನುತ್ತಿದ್ದಳು ಶ್ರದ್ಧಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಹಿಂದಿಯಲ್ಲೇ.

"ತೆಗೀತೀನಿ ತಂಗಿ. ಖರೆ, ನೀರು ಬರಲಿಲ್ಲಂದ್ರ ಹ್ಯಾಂಗ?"

ಐದು ನೀರು ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ಮರುದಿನ ನೋಡಿದರೆ ಅವು ಮತ್ತೆ ಕಟ್ಟಿನೊಳಗೆ, ಯಾವುದೋ ಪಾಪದ ಪ್ರಾಣಿ ಹೊರಗೆ.

ಅವಳು ಬೆಳೆದದ್ದು ನಮ್ಮ ಗಾಡಿ ಹಾದುಹೋಗುವ ದಿವಾದ ಚಾಳಿನ ಒಂಟಿಕೋಣೆಯಲ್ಲಿ. ತಾಯಿ ಸಾಬವ್ವ ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುತ್ತಿದ್ದವಳು. ಚಾಳಿಗೆಲ್ಲ ಇದ್ದ ಒಂದೇ ನಲ್ಲಿಗೆ ಹೊತ್ತುಗೊತ್ತು ಇರಲಿಲ್ಲ. ಬಂದಾಗ ಹಿಡಿಯಬೇಕು, ಬಾರದಿದ್ದರೆ ನಿಂತೇ ಇರಬೇಕು. ನಾಗವೇಣಿ ಇನ್ನೂ ಸಣ್ಣವಳಿದ್ದಾಗಲೇ ಸಾಬವ್ವ ಜ್ವರದಲ್ಲಿ ಹೋಗಿಬಿಟ್ಟಳು. ಅವಳದೊಂದು ಫೋಟೋ ಕೂಡ ಇಲ್ಲ. ಈಗ ಠಾಕುರ್ಲಿಯ ಮನೆಯೊಳಗೇ ನಲ್ಲಿಯಿದೆ. ಆದರೂ ನಾಗವೇಣಿ ಬಕೆಟ್ಟು, ಡ್ರಮ್ಮು, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಟ್ಟೇ ಹೊಸ್ತಿಲು ದಾಟುತ್ತಾಳೆ.

ಗಾಡಿ ದಿವಾ ದಾಟುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ ಒಂದು ಕನಸು ಹೇಳಿದಳು. ಕಾರ್ಡಿನ ಪ್ರಾಣಿಗಳೆಲ್ಲ ದಿವಾದ ನಲ್ಲಿಗೆ ಸಾಲು ಹಚ್ಚಿ ಪಾಳಿ ಕಾಯುತ್ತಿವೆ. ರೆಕ್ಕೆಯ ಆನೆ ಸೊಂಡಿಲಲ್ಲಿ ಕೊಡ ಹಿಡಿದಿದೆ. ನೀಲಿ ಹುಲಿ ಎಣ್ಣೆ ಡಬ್ಬದ ಮೇಲೆ ಕೂತು ಆಕಳಿಸುತ್ತಿದೆ. ಆಮೆ ತನ್ನ ಜಾಗ ಹಿಡಿಯಲು ಒಂದು ಚಪ್ಪಲಿ ಬಿಟ್ಟು ಎಲ್ಲಿಗೋ ಹೋಗಿದೆ. ಪಕ್ಕದ ಹಳಿಯ ಮೇಲೆ ಗಾಡಿಗಳು ಸದ್ದೇ ಇಲ್ಲದೆ ತೇಲಿ ಹೋಗುತ್ತಿವೆ. ಎಲ್ಲರಿಗಿಂತ ಮುಂದೆ ಅವ್ವ.

"ಕರದ್ರ ಹೊಳ್ಳಿ ನೋಡಂಗಿಲ್ರಿ. ನಲ್ಲಿ ಮ್ಯಾಗ ಕಣ್ಣಿಟ್ಟಾಳ," ಎಂದಳು.

ಮಳೆಗಾಲ ಮುಗಿದ ಮೇಲೆ ಯತಿನ್ ಠಾಣೆಯ ವರ್ತಕ ನಗರದ ಒಂದು ಸಭಾಂಗಣದಲ್ಲಿ ಪಂದ್ಯ ಇಟ್ಟ. ಗೆದ್ದವರು ಹೇಳಿದ ಚಿತ್ರ ಬರೆಸಿ ಹೊಸ ಕಾರ್ಡು ಅಚ್ಚು ಹಾಕಿಸುವುದೇ ಬಹುಮಾನ. ಕೇಳಿದ್ದೇ ತಡ, "ನಮ್ಮವ್ವನ್ನ ಬರಸ್ತೀನಿ," ಎಂದಳು ನಾಗವೇಣಿ. ಅಂದಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

ಪಂದ್ಯದ ಬೆಳಿಗ್ಗೆ ಐದು ನೀರಿನ ಕಾರ್ಡು ತಂದು ನನ್ನ ಕೈಗೆ ಕೊಟ್ಟಳು. "ಇವನ್ನ ನಿಮ್ಮ ಪರ್ಸಿನ್ಯಾಗ ಇಟ್ಕೋರಿ ಅಕ್ಕಾರ. ನಾ ಅತ್ತು ಕೇಳಿದ್ರೂ ಕೊಡಬ್ಯಾಡ್ರಿ."

"ಅತ್ತರೆ ಕರಗುವಷ್ಟು ಒಳ್ಳೆಯವಳು ನಾನಲ್ಲ ಮಾರಾಯ್ತಿ," ಎಂದೆ.

ಹದಿನಾರು ನೀರಿನ ಹದ ಸರಿಯಾಗಿತ್ತು. ನಾಗವೇಣಿ ಒಂದೊಂದೇ ಆಟ ಗೆಲ್ಲುತ್ತ ಕೊನೆಯ ಮೇಜಿಗೆ ಬಂದಳು. ಎದುರಿಗೆ ಕಲ್ಯಾಣದ ಪುಂಡರೀಕಾಕ್ಷ ಮೇಷ್ಟ್ರು. ಆಗ ಶುರುವಾಯಿತು ಕಾಟ. ಎಷ್ಟು ಕಾರ್ಡು ತೆಗೆದರೂ ಪ್ರಾಣಿ, ಮತ್ತೆ ಪ್ರಾಣಿ. ನೀರೇ ಇಲ್ಲ. ಅವಳು ನನ್ನ ಪರ್ಸಿನ ಕಡೆ ನೋಡಿದಳು. ಆಟದ ನಡುವೆ ಕಟ್ಟಿಗೆ ಕಾರ್ಡು ಸೇರಿಸುವಂತಿಲ್ಲ, ಈಗ ಕೊಟ್ಟರೂ ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮುಖ ನೋಡಿ ಕೊಟ್ಟೇಬಿಡೋಣ ಅನ್ನಿಸಿತು. ಪರ್ಸನ್ನು ಎದೆಗವಚಿಕೊಂಡು ಕೂತೆ. ದಿವಾ ದಾಟುವಾಗಿನಂತೆ ಕಣ್ಣು ಮುಚ್ಚಿ ಅವಳು ಮುಂದಿನ ಕಾರ್ಡು ಎತ್ತಿದಳು.

ನೀರು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ರೆಕ್ಕೆಯ ಆನೆ ಮೇಜಿಗೆ ಇಳಿಯಿತು. ಮೇಷ್ಟ್ರು ಸೋಲೊಪ್ಪಿ, ನಕ್ಕು ಕೈಯಲ್ಲಿದ್ದ ಕಾರ್ಡು ಕೆಳಗಿಟ್ಟರು.

ಚಿತ್ರ ಬರೆಯುವ ಹುಡುಗಿ ಅಕ್ಕು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತಳು. "ಅಮ್ಮನ ಮುಖ ಹೇಗಿತ್ತು? ಕಣ್ಣು, ಮೂಗು?"

ನಾಗವೇಣಿ ತನ್ನದೇ ಮೂಗು, ಗದ್ದ ಮುಟ್ಟಿ ನೋಡಿಕೊಂಡಳು. ಗೆದ್ದ ಖುಷಿಯೆಲ್ಲ ಅವಳ ಮುಖದಿಂದ ಇಳಿದುಹೋಯಿತು.

"ನಿಮ್ಮ ಮುಖ ನೋಡಿಕೊಂಡೇ ಬರೆಯಲಾ?" ಎಂದಳು ಅಕ್ಕು.

"ಬ್ಯಾಡವ್ವಾ. ಪಾಳಿಯಾಗ ನಾ ಯಾವಾಗ್ಲೂ ಅಕಿ ಹಿಂದ ನಿಂತಿರ್ತಿದ್ದೆ. ಬೆನ್ನ ಬರಿ. ಬೆನ್ನು ನನಗ ಛಲೋ ನೆನಪದ."

ಆಮೇಲೆ ಮಾತು ನಿಲ್ಲಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಇಟ್ಟಿಗೆ ಹೊತ್ತು ತುಸು ಇಳಿದ ಎಡ ಹೆಗಲು, ಹಸಿರು ಕುಪ್ಪಸಕ್ಕೆ ಹಾಕಿದ ಕೆಂಪು ತ್ಯಾಪೆ, ಬಿಚ್ಚಿಬೀಳುವಂಥ ತುರುಬು. ಪ್ರಾಣಿಗಳ ಜೊತೆ ನಿಂತು ಕಾದಾಡುವ ವೀರವನಿತೆಯನ್ನಾಗಿ ಮಾಡಲೇ ಎಂದು ಯತಿನ್ ಕೇಳಿದ. ನೀರಿನ ಕಾರ್ಡು ಮಾಡಿದರೆ ಸಾಕು ಎಂದಳು.

ಅಚ್ಚಾಗಿ ಬಂದ ದಿನ ಅವಳಿಗೆ ಐದು ಪ್ರತಿ ಸಿಕ್ಕವು. ನಾನು ಪರ್ಸಿನಿಂದ ಅವಳ ಹಳೆಯ ಐದನ್ನು ತೆಗೆದುಕೊಟ್ಟರೆ, "ನಿಮ್ಮ ಹತ್ರನೇ ಇರ್ಲಿ," ಎಂದು ಐದೂ ಸಾಬವ್ವನನ್ನು ಕಟ್ಟಿಗೆ ಸೇರಿಸಿಕೊಂಡಳು. ಮತ್ತೆ ಇಪ್ಪತ್ತೊಂದು ನೀರು. ಆನೆ ಕೂಡ ಹೊರಗೆ. ಈಗ ಅವಳು ದಿನಾ ಸೋಲುತ್ತಾಳೆ.

"ಅಕ್ಕಾ, ಫಿರ್ ಸೇ ಪಾನಿ?" ಎಂದು ಶ್ರದ್ಧಾ ಹಣೆ ಚಚ್ಚಿಕೊಳ್ಳುತ್ತಾಳೆ.

ಗಾಡಿ ದಿವಾ ದಾಟುತ್ತಿರುತ್ತದೆ. ನಾಗವೇಣಿ ಈಗ ಕಣ್ಣು ಮುಚ್ಚುವುದಿಲ್ಲ. ಕಟ್ಟಿನಿಂದ ಒಂದು ಕಾರ್ಡು ಎತ್ತಿ ನೋಡುತ್ತಾಳೆ.

"ಸೋತ್ರ ಸೋಲ್ತೀನಿ ಬಿಡು ತಂಗಿ," ಎನ್ನುತ್ತಾಳೆ. "ಅವ್ವ ಬಂದಾಳ."