ಹಾಯಿದೋಣಿಗೊಂದು ಕೆರೆ

ತುಮಕೂರಿನ ಸದಾಶಿವನಗರದ ನಲ್ಲಿಗಳಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ ಅದು. ನೀರು ಬಂದ ದಿನ ನಮ್ಮ ಬೀದಿಯ ಹೆಂಗಸರು ಬಿಂದಿಗೆ, ಬಕೆಟ್ಟು, ಇಡ್ಲಿ ಪಾತ್ರೆ, ಕೊನೆಗೆ ದೇವರ ಮನೆಯ ತಂಬಿಗೆಯನ್ನೂ ಬಿಡದೆ ತುಂಬಿಸಿಡುತ್ತಿದ್ದರು. ಟಿ.ವಿ. ಇದ್ದವರ ಮನೆಗೆ ಮಕ್ಕಳು ಎಡತಾಕುತ್ತಿದ್ದೆವು, ಸಂಪು ಇದ್ದವರ ಮನೆಗೆ ದೊಡ್ಡವರು. ಅಂಥ ಬೀದಿಗೆ ತೊಂಬತ್ತರ ದಶಕದ ಒಂದು ವರ್ಷ, ಆಯುಧಪೂಜೆಗೆ ಕೆಲವು ದಿನ ಮುಂಚೆ, ಲಾರಿಯೊಂದು ನಮ್ಮಪ್ಪನ ಹಾಯಿದೋಣಿಯನ್ನು ತಂದು ಇಳಿಸಿತು.

ಅಪ್ಪ ಮದುವೆಗೆ ಮುಂಚಿನಿಂದಲೂ ನೌಕಾಪಡೆಯಲ್ಲಿದ್ದವನು. ಅದನ್ನು ಬಿಟ್ಟು ಬಂದ ಮೇಲೆ ತುಮಕೂರಿನಲ್ಲೇ ಬ್ಯಾಂಕಿನ ಕೆಲಸ ಸಿಕ್ಕಿತ್ತು. ಕೌಂಟರಿನ ಹಿಂದೆ ಕೂತರೂ ಅವನ ಮನಸ್ಸು ಉಪ್ಪುನೀರಿನಲ್ಲೇ ಇತ್ತು. ನೌಕಾಪಡೆಯಲ್ಲಿ ಜೊತೆಗಿದ್ದ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ಹಳೆಯದಾಗಿ ಮೂಲೆಗೆ ಬಿದ್ದ ದೋಣಿಯೊಂದನ್ನು ತೋರಿಸಿ “ಬೇಕಾದ್ರೆ ತಗೊಂಡ್ಹೋಗು” ಅಂದರಂತೆ. ಬೇಕಾ ಅಂತ ಅಮ್ಮನನ್ನು ಯಾರೂ ಕೇಳಿರಲಿಲ್ಲ.

“ಮನೇಲಿ ಕುಡಿಯೋಕೆ ನೀರಿಲ್ಲ, ದೋಣಿ ತಂದವ್ರೆ ನೋಡಿ,” ಎಂದು ಅಮ್ಮ ಎದುರುಮನೆಯವರಿಗೆ ಹೇಳಿದಳು. ದೂರಿನ ಹಾಗೆ ಶುರುವಾದ ಆ ಮಾತು ಮುಗಿಯುವಾಗ ಸ್ವಲ್ಪ ಹೆಮ್ಮೆಯಂತೆಯೇ ಕೇಳಿಸಿತು.

ದೋಣಿ ಬಿಳಿಯ ಫೈಬರಿನದು. ನಾಲ್ಕು ಜನ ಕೂರಬಹುದಾದಷ್ಟು ಅಗಲ, ನಮ್ಮ ಅಂಗಳಕ್ಕಿಂತ ಒಂದು ಮೊಳ ಉದ್ದ. ಹಾಯಿ ಕಟ್ಟುವ ಕಂಬ ಕಾಂಪೌಂಡಿನ ಮೇಲಿಂದ ರಸ್ತೆಗೆ ಚಾಚಿಕೊಂಡಿತ್ತು. ಅದರ ತುದಿಗೆ ಅಮ್ಮ ಕೆಂಪು ಬಟ್ಟೆ ಕಟ್ಟಿದಳು, ಸೈಕಲ್ಲಿನವರ ಕಣ್ಣಿಗೆ ಚುಚ್ಚದಿರಲಿ ಎಂದು. ಬೀದಿಯವರೆಲ್ಲ ಬಂದು ಬೆರಳಿನಲ್ಲಿ ತಟ್ಟಿ ನೋಡಿದರು. ಒಬ್ಬರು ಬಗ್ಗಿ ಅಡಿಯನ್ನೂ ಪರೀಕ್ಷಿಸಿ, “ಎಷ್ಟು ಕೊಡ್ತದೆ ಸಾರ್ ಮೈಲೇಜು?” ಎಂದರು.

“ಗಾಳಿ ಇದ್ದಷ್ಟು,” ಅಂದ ಅಪ್ಪ.

ಆಯುಧಪೂಜೆಯ ದಿನ ಸ್ಕೂಟರಿನ ಜೊತೆ ದೋಣಿಗೂ ಪೂಜೆಯಾಯಿತು. ಚಕ್ರವಿಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡಬೇಕೆಂಬ ಪ್ರಶ್ನೆ ಬಂತು. ಅಮ್ಮ ಯೋಚಿಸಿ ಮೂತಿಯ ಕೆಳಗೊಂದು, ಬಾಲದ ಕೆಳಗೊಂದು ಇಟ್ಟಳು. ದೋಣಿ ಜಗ್ಗಲಿಲ್ಲ, ಹಣ್ಣು ಹಾಗೇ ಒಣಗಿದವು. ಕಡಲನ್ನು ನೋಡೇ ಇರದ ನಮಗೆ, ಅಂದರೆ ಬೀದಿಯ ಮಕ್ಕಳಿಗೆ, ದೋಣಿಯಾಟ ಆಡುವುದು ಗೊತ್ತಿರಲಿಲ್ಲ. ಅದನ್ನು ಬಸ್ಸು ಮಾಡಿಕೊಂಡೆವು. ಓನರಿನ ಮಗಳಾದ್ದರಿಂದ ನಾನೇ ಕಂಡಕ್ಟರು. “ಗುಬ್ಬಿ, ನಿಟ್ಟೂರು, ತಿಪಟೂರ್, ತಿಪಟೂರ್!” ಎಂದು ಕಂಬ ಬಡಿದು ಕೂಗುತ್ತಿದ್ದೆ. ಒಂದು ರಾತ್ರಿ ಜೋರು ಮಳೆ ಬಂದು ದೋಣಿಯ ಹೊಟ್ಟೆ ತುಂಬಿತು. ಬೆಳಿಗ್ಗೆ ಅಮ್ಮ ಆ ನೀರಿನಲ್ಲಿ ಮನೆಯ ಹೊದಿಕೆಗಳನ್ನೆಲ್ಲ ಒಗೆದು ಹಾಕಿದಳು. ದೋಣಿಯ ವಿಷಯದಲ್ಲಿ ಅವಳು ಸ್ವಲ್ಪ ಮೆತ್ತಗಾದದ್ದು ಅವತ್ತಿನಿಂದ.

ಆದರೂ ಅದನ್ನು ಅಂಗಳದಲ್ಲಿ ಇಟ್ಟುಕೊಂಡಿರಲು ಸಾಧ್ಯವಿರಲಿಲ್ಲ. ಅಪ್ಪನಿಗೆ ಬೇಕಾಗಿದ್ದದ್ದು ನೀರು. ನನಗೂ ಅದೇ ಬೇಕಾಗಿತ್ತು, ಏಕೆಂದರೆ ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯುವ ಕೆಲಸ ನನ್ನದೆಂದು ಅಪ್ಪ ಮಾತು ಕೊಟ್ಟಿದ್ದ. ಹಗ್ಗಕ್ಕೆ ಗಂಟು ಹಾಕುವುದನ್ನು ಕಿಟಕಿಯ ಸರಳಿನ ಮೇಲೆ ಕಲಿಸಿದ್ದ. ನಾನು ಶಾಲೆಯಲ್ಲಿ ಅದನ್ನೆಲ್ಲ ಹೇಳಿಕೊಂಡು ಬಂದಿದ್ದೆ. ಇನ್ನು ದೋಣಿ ನೀರಿಗಿಳಿಯದೆ ವಿಧಿಯಿರಲಿಲ್ಲ.

ಊರಿನ ಅಮಾನಿಕೆರೆ ಹತ್ತಿರವೇ ಇತ್ತು, ಆದರೆ ಆಗ ಅಲ್ಲಿ ನೀರಿಗಿಂತ ಜೊಂಡೇ ಹೆಚ್ಚು. ಹಾಗಾಗಿ ಭಾನುವಾರ ಬಂತೆಂದರೆ ಅಪ್ಪ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕೆರೆ ನೋಡಲು ಹೊರಡುತ್ತಿದ್ದ. ಜೊತೆಗೆ ಆಳ ನೋಡುವುದಕ್ಕೊಂದು ಬಿದಿರುಕೋಲು, ಗಾಳಿ ನೋಡುವುದಕ್ಕೊಂದು ಕರವಸ್ತ್ರ. ಕೆರೆಯ ಏರಿಯ ಮೇಲೆ ನಿಂತು ಕರವಸ್ತ್ರ ಎತ್ತಿ ಹಿಡಿದ ಮನುಷ್ಯನನ್ನು ಕಂಡವರೆಲ್ಲ ಸರ್ಕಾರದವನೆಂದೇ ತಿಳಿಯುತ್ತಿದ್ದರು. “ಹೂಳು ಎತ್ತಿಸ್ತೀರಾ ಸಾರ್?” ಎಂದು ಕೇಳದ ಊರಿರಲಿಲ್ಲ.

ಗುಬ್ಬಿಯಲ್ಲಿ ಅಪ್ಪನ ಅಣ್ಣ ಇದ್ದರು, ಹೈಸ್ಕೂಲು ಮೇಷ್ಟರು. ಅಲ್ಲಿಯ ಕೆರೆಯಲ್ಲಿ ಅಪ್ಪನ ಬಿದಿರುಕೋಲು ಮೊದಲು ಕೆಸರಿಗೆ, ಆಮೇಲೆ ದೊಡ್ಡಪ್ಪನ ಮಾತಿಗೆ ಸಿಕ್ಕಿಕೊಂಡಿತು. “ನೀರು ಕಮ್ಮಿ ಇದ್ರೇನೋ ಸೋಮು? ನಾನಿದ್ದೀನಲ್ಲ. ದಿನಾ ವಾಕಿಂಗ್ ಬರ್ತೀನಿ, ಒಂದು ಕಣ್ಣಿಟ್ಟಿರ್ತೀನಿ,” ಎಂದರು. ಅಪ್ಪ ಕೆಸರು ಒರೆಸಿ ಕೋಲನ್ನು ಸ್ಕೂಟರಿಗೆ ಕಟ್ಟಿದ.

ಕುಣಿಗಲ್ಲಿನಲ್ಲಿ ಅಮ್ಮನ ತಮ್ಮ ರಾಜುಮಾವ ಟೈರಿನಂಗಡಿ ಇಟ್ಟಿದ್ದ. ಅಲ್ಲಿಯ ದೊಡ್ಡಕೆರೆ ಆಚೆ ದಡ ಕಾಣದಷ್ಟು ತುಂಬಿತ್ತು. ಏರಿಯ ಮೇಲೆ ಕರವಸ್ತ್ರ ಎತ್ತಿದ ತಕ್ಷಣ ಅದು ಅಪ್ಪನ ಕೈ ಬಿಟ್ಟು ಹಾರಿಯೇ ಹೋಯಿತು. ಅಪ್ಪ ಅದರ ಹಿಂದೆ ಓಡಲಿಲ್ಲ. ನಿಂತಲ್ಲೇ ನಿಂತು ಮೂಗಿನ ತುಂಬ ಉಸಿರೆಳೆದುಕೊಂಡ. ಅವನ ಮುಖ ಹಾಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇಲ್ಲೇ ತನ್ನಿ ಬಾವ. ಅಂಗಡಿ ಹುಡುಗ್ರನ್ನ ಕಾವಲಿಗಿಡ್ತೀನಿ. ಅಕ್ಕನೂ ವಾರವಾರ ಬಂದಂಗಾಯ್ತದೆ,” ಎಂದ ಮಾವ. ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು ಉಂಡು ನಾವು ಹಿಂದಿರುಗಿದೆವು. ಕುಣಿಗಲ್ಲೇ ಗಟ್ಟಿ ಎಂದು ದಾರಿಯಲ್ಲಿ ಅಪ್ಪ ನನಗೆ ಹೇಳಿದ.

ಸುದ್ದಿ ಗುಬ್ಬಿಗೆ ಮುಟ್ಟಿತು. ಮುಂದಿನ ಭಾನುವಾರ ದೊಡ್ಡಪ್ಪ ಮೊದಲ ಬಸ್ಸಿಗೇ ಬಂದಿಳಿದರು. ದೋಣಿಯ ಕಡೆ ತಿರುಗಿಯೂ ನೋಡದೆ ಒಳಗೆ ಕೂತು, “ತಮ್ಮನ ದೋಣಿ ಹೆಂಡ್ತಿ ತೌರಿಗೆ ಹೋಯ್ತಂತೆ ಅಂತ ಜನ ಆಡ್ಕೋತಾರೆ ಕಣೋ. ನಮ್ಮ ಕಡೆ ಏನು ಕೆರೆ ಬರಗೆಟ್ಟಿದ್ವಾ?” ಎಂದರು.

ಅಮ್ಮ ಅಡುಗೆಮನೆಯಿಂದ ನನ್ನ ಮೂಲಕ ಉತ್ತರ ಕೊಟ್ಟಳು. “ಪುಟ್ಟಿ, ಕಾಫಿ ತಗೊಂಡ್ಹೋಗಿ ಕೊಡು. ತೌರಿನ ಸಕ್ಕರೆ ಹಾಕಿಲ್ಲ, ಧೈರ್ಯವಾಗಿ ಕುಡೀಲಿ ಅಂತ ಹೇಳು.” ನಾನು ಕಾಫಿ ಮಾತ್ರ ತಲುಪಿಸಿದೆ.

ನಮ್ಮವರು ಹೆಣ್ಣು ಕೊಡುವುದಿರಲಿ, ಗೃಹಪ್ರವೇಶಕ್ಕೆ ಮೊದಲ ಹಾಲು ಉಕ್ಕಿಸುವುದಿರಲಿ, ಮೊದಲು ನೋಡುವುದು ಯಾರಿಗೆ ಬೇಜಾರಾಗುತ್ತದೆ ಎಂಬುದನ್ನು. ದೋಣಿಗೂ ಅದೇ ಲೆಕ್ಕವಾಯಿತು. ಗುಬ್ಬಿ ಅಂದರೆ ಅಮ್ಮ ಮುಖ ಊದಿಸಿಕೊಳ್ಳುತ್ತಾಳೆ, ಕುಣಿಗಲ್ ಅಂದರೆ ದೊಡ್ಡಪ್ಪ. ಉಳಿದದ್ದು ಹಾಗಲವಾಡಿ. ಅಪ್ಪ, ದೊಡ್ಡಪ್ಪ ಇಬ್ಬರೂ ಹುಟ್ಟಿದ ಊರು, ಅವರ ತಮ್ಮ, ನನ್ನ ಚಿಕ್ಕಪ್ಪ, ಬೇಸಾಯ ಮಾಡಿಕೊಂಡಿದ್ದ ಊರು. ಹುಟ್ಟಿದೂರು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದೃಷ್ಟಕ್ಕೆ, ಬಹಳ ವರ್ಷಕ್ಕೊಮ್ಮೆ ತುಂಬುವ ಅಲ್ಲಿಯ ಕೆರೆ ಆ ವರ್ಷ ಕೋಡಿ ಬಿದ್ದು ಹರಿಯುತ್ತಿತ್ತು. ಎಲ್ಲರೂ ಒಪ್ಪಿದರು. ಸಮುದ್ರದ ಮೇಲೆ ವರ್ಷಗಟ್ಟಲೆ ಇದ್ದು ಬಂದ ಅಪ್ಪ ಗಾಳಿ ನೋಡಿದ, ಆಳ ನೋಡಿದ, ನಂಟರ ಮುಖವನ್ನೂ ನೋಡಿದ. ಏರಿಯ ಇನ್ನೊಂದು ಪಕ್ಕಕ್ಕೆ ತಿರುಗಿ, ಕೆಳಗೆ ಏನಿದೆ ಎಂದು ಮಾತ್ರ ನೋಡಲಿಲ್ಲ. ಕೆಳಗೆ ಗದ್ದೆಬಯಲಿತ್ತು.

ದೀಪಾವಳಿ ಕಳೆದ ಮೇಲೆ ದೋಣಿ ಮತ್ತೆ ಲಾರಿ ಹತ್ತಿತು. ಗುಬ್ಬಿಯಲ್ಲಿ ದೊಡ್ಡಪ್ಪನ ಮನೆ ಮುಂದೆ ನಿಂತು ಆರತಿ ಮಾಡಿಸಿಕೊಂಡಿತು. ಪಕ್ಕಕ್ಕೆ ಪೆಟ್ಟಾಗದಿರಲೆಂದು ರಾಜುಮಾವ ಹಳೇ ಟೈರುಗಳನ್ನು ಕಳಿಸಿದ್ದ. ಹಾಗಲವಾಡಿಯ ಹೆಂಗಸರು ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು, ಗಂಡಸರು ಹೆಗಲು ಕೊಟ್ಟು ನೀರಿಗೆ ನೂಕಿದರು.

ಮೊದಲ ಗಾಳಿಗೆ ಹಾಯಿ ಬಡಿದುಕೊಂಡ ಸದ್ದಿಗೆ ಏರಿಯ ಮೇಲಿದ್ದ ಎಮ್ಮೆಗಳು ಚದುರಿದವು. ಆಮೇಲೆ ಹಾಯಿ ಉಬ್ಬಿತು, ಸದ್ದು ನಿಂತಿತು, ದೋಣಿ ಹೊರಟಿತು. ಎಂಜಿನ್ನಿಲ್ಲ, ಹುಟ್ಟಿಲ್ಲ. ಅಡಿಯಲ್ಲಿ ನೀರು ಪಿಸುಗುಟ್ಟುವುದೊಂದೇ ಕೇಳುತ್ತಿತ್ತು. ನನ್ನ ಅಂಗೈಯಲ್ಲಿದ್ದ ಹಗ್ಗ ಎಳೆಯುತ್ತಿತ್ತು. “ಬುಡಬೇಡ, ಹಿಡ್ಕೋ, ಹಿಡ್ಕೋ,” ಅನ್ನುತ್ತಿದ್ದ ಅಪ್ಪ ಬ್ಯಾಂಕಿನ ಭಾಷೆಯನ್ನೇ ಮರೆತು ಊರಿನ ಭಾಷೆಗೆ ಬಿದ್ದಿದ್ದ. ನಾನು ಬಹಳ ಸಂತೋಷವಾಗಿದ್ದೆ. ಇದಕ್ಕಿಂತ ಬೇರೆ ಮಾತು ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಅವರೆಕಾಯಿಯ ಕಾಲ. ಚಿಕ್ಕಮ್ಮ ಹಿತಕಿದ ಬೇಳೆ ಸಾರು ಮಾಡುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ನೀರು, ಮಧ್ಯಾಹ್ನ ಊಟ, ಮತ್ತೆ ನೀರು. ಒದ್ದೆ ಲಂಗದ ಕೆಸರಿನ ವಾಸನೆ ಸೋಮವಾರ ಶಾಲೆಯವರೆಗೂ ಬರುತ್ತಿತ್ತು. ಅಮ್ಮ ಮಾತ್ರ ಒಮ್ಮೆಯೂ ದೋಣಿ ಹತ್ತಲಿಲ್ಲ. ಏರಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಮ್ಮನ್ನು ಕಾಯುತ್ತಿದ್ದಳು.

ಸಂಕ್ರಾಂತಿ ಕಳೆದ ಭಾನುವಾರ ನಾವು ಹೋದಾಗ ಕೆರೆಯ ಹತ್ತಿರ ಊರಿನವರು ಸೇರಿದ್ದರು. ಹಿರಿಯ ಕೆಂಚಜ್ಜ ಬೀಡಿ ಆರಿಸಿ ಎದ್ದು ಬಂದ.

“ಸೋಮಣ್ಣ, ತೂಬು ಎತ್ತಬೇಕು ಕಣಪ್ಪ. ಒಟ್ಲು ಬಿಟ್ಟಾಗೈತೆ, ನಾಟಿಗೆ ನೀರು ಬೇಕು. ಎತ್ತಿದ್ರೆ ನೀರು ತಗ್ತದೆ, ಬೇಸಿಗೆ ಹೊತ್ಗೆ ನಿನ್ ದೋಣಿ ನೆಲಕ್ಕೆ ಕೂತ್ಕತದೆ. ನಿನ್ನ ಒಂದ್ ಮಾತು ಕೇಳಾನ ಅಂತ.”

ಅಪ್ಪ ಆಗ ತಿರುಗಿ ಏರಿಯ ಕೆಳಗೆ ನೋಡಿದ. ಹಸಿರು ಚೌಕಗಳಂತೆ ಒಟ್ಲು, ಅಂದರೆ ಭತ್ತದ ಸಸಿಮಡಿಗಳು. ಅವುಗಳಲ್ಲಿ ಒಂದು ಚಿಕ್ಕಪ್ಪನದೇ.

“ನಿಂಗೆ ಗೊತ್ತಿತ್ತಲ್ಲೋ. ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದು ಚಿಕ್ಕಪ್ಪನನ್ನು ಕೇಳಿದ.

“ಹೇಳಿದ್ರೆ ನೀನು ವಾರವಾರ ಬರ್ತಿದ್ದೇನಣ್ಣ?” ಎಂದ ಚಿಕ್ಕಪ್ಪ.

ಅಪ್ಪ ಕೆಂಚಜ್ಜನ ಕಡೆ ತಿರುಗಿ, “ಎತ್ತಿ. ಇದ್ರಲ್ಲಿ ನನ್ನ ಕೇಳೋದೇನಿದೆ ಅಜ್ಜ?” ಎಂದ. ನಾನು ಅಲ್ಲಿಯೇ, ಅಷ್ಟು ಜನರ ಎದುರಿಗೆ, ಬಾಯಿ ಬಿಟ್ಟು ಅತ್ತೆ. ಅಪ್ಪ ಗದರಿದ. ಕೆಂಚಜ್ಜ ನನ್ನ ಮುಖವನ್ನೇ ನೋಡಿದ.

“ಬರೋ ಭಾನ್ವಾರ ಎತ್ತಾನ ಬುಡ್ರಲಾ,” ಎಂದ ಉಳಿದವರಿಗೆ. “ಒಂದ್ ವಾರಕ್ಕೆ ಒಟ್ಲೇನು ಸತ್ತೋಗಲ್ಲ. ಮಗು ಇನ್ನೊಂದ್ ಸಲ ಆಡ್ಕಳ್ಲಿ.”

ಯಾರೋ ಗೊಣಗಿದರು. ಸಸಿ ಬಲಿತುಹೋಗುತ್ತದೆ ಎಂದು ಇನ್ನೊಬ್ಬರು ಅಂದರು. ಆದರೂ ಒಬ್ಬೊಬ್ಬರಾಗಿ ಟವೆಲ್ಲು ಕೊಡವಿಕೊಂಡು ಮನೆಗೆ ಹೋದರು, ತೂಬು ಎತ್ತದೆ.

ಮುಂದಿನ ಭಾನುವಾರ ದೊಡ್ಡಪ್ಪ ಬಂದರು, ರಾಜುಮಾವನೂ ಬಂದ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರೂ ಕರೆಯದೆ ತಾನಾಗಿ ಬಂದು ದೋಣಿ ಹತ್ತಿದಳು. ಕೆರೆಯ ನಡುವೆ ಹೋಗುವವರೆಗೂ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಲ್ಲಿ ಕೈ ಬಿಟ್ಟು ನೀರಿಗೆ ಬೆರಳು ಅದ್ದಿ, “ಇಷ್ಟೊಂದು ನೀರು,” ಎಂದಳು. ಅಪ್ಪ ಚುಕ್ಕಾಣಿ ಹಿಡಿದು ಅವಳನ್ನೇ ನೋಡುತ್ತಿದ್ದ. ಗಾಳಿ ಬೀಳುವವರೆಗೂ ನಾವು ಸುತ್ತಿದೆವು.

ದಡಕ್ಕೆ ಬಂದ ಮೇಲೆ ತೂಬಿನ ಹತ್ತಿರ ಕಾಯಿ ಒಡೆದರು. ಕೆಂಚಜ್ಜ ಅಪ್ಪನ ಕೈ ಹಿಡಿದು ಕಬ್ಬಿಣದ ಚಕ್ರದ ಮೇಲೆ ಇಟ್ಟ. “ನಿನ್ ನೀರು ನೀನೇ ಬುಡು,” ಎಂದ. ಅಪ್ಪ ತಿರುಗಿಸಿದ. ತುಕ್ಕು ಹಿಡಿದ ಚಕ್ರ ಕಿರುಗುಟ್ಟಿತು, ಕೆಳಗಿನ ಕಾಲುವೆಯಲ್ಲಿ ನೀರು ಧುಮುಕಿತು, ಜನ ಹೋ ಎಂದರು. ಅಪ್ಪನೂ ಹೋ ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ನೀರು ವಾರದಿಂದ ವಾರಕ್ಕೆ ಹಿಂದೆ ಸರಿಯಿತು. ಯುಗಾದಿಯ ಹೊತ್ತಿಗೆ ದೋಣಿ ಬಿರುಕುಬಿಟ್ಟ ಕೆಸರಿನ ಮೇಲೆ ವಾಲಿಕೊಂಡಿತ್ತು. ಕುಣಿಗಲ್ಲಿಗೆ ಸಾಗಿಸೋಣವೆಂದು ಮಾವ ಹೇಳಿದ, ಅಪ್ಪ ಬೇಡವೆಂದ. ಸುಗ್ಗಿಯಾದ ಮೇಲೆ ಚಿಕ್ಕಪ್ಪ ಒಂದು ಮೂಟೆ ಹೊಸ ಅಕ್ಕಿ ತಂದು ನಮ್ಮ ಮನೆಯಲ್ಲಿಳಿಸಿದ. ಮೊದಲ ತುತ್ತನ್ನು ನನ್ನ ತಟ್ಟೆಗೆ ಹಾಕಿ ಅಪ್ಪ, “ನಾವು ತೇಲಿದ ನೀರು ಕಣೆ ಇದು, ಉಣ್ಣು,” ಎಂದ. ಆ ಕೆರೆ ಮತ್ತೆ ಹಾಗೆ ತುಂಬಿದ್ದನ್ನು ನೋಡುವ ಯೋಗ ಅಪ್ಪನಿಗೆ ಬರಲಿಲ್ಲ. ದೋಣಿಯನ್ನು ಚಿಕ್ಕಪ್ಪ ಕಣದಲ್ಲಿ ಬೋರಲು ಹಾಕಿಕೊಂಡ. ಅದರಡಿ ಕೋಳಿಗಳು ಮರಿ ಮಾಡಿದವು.

ಈಗ ಹಾಗಲವಾಡಿಯಲ್ಲಿ ಹೊಲಹೊಲಕ್ಕೂ ಬೋರ್‌ವೆಲ್. ಯಾರಿಗೆ ಯಾವಾಗ ಬೇಕೋ ಆಗ ಸ್ವಿಚ್ಚು ಒತ್ತುತ್ತಾರೆ, ನೀರು ಬರುತ್ತದೆ. ಸದಾಶಿವನಗರದ ಮನೆಗೂ ಬೋರ್‌ವೆಲ್ ಬಂದಿದೆ. ಅನುಕೂಲವೇ ಆಯಿತು, ಇಲ್ಲವೆನ್ನುವುದಿಲ್ಲ. ನೀರು ಬಿಡಬಹುದೇ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅಳುತ್ತಿರುವ ಮಗುವಿಗೋಸ್ಕರ ಊರಿಗೆ ಊರೇ ಒಂದು ವಾರ ತಡೆದುಕೊಳ್ಳಬೇಕಾಗಿಯೂ ಇಲ್ಲ.