ಭಾವನ ಕಾರಿನ ಸ್ಟೀರಿಯೋ

ಅಕ್ಕ ತೀರಿಕೊಂಡ ಮೇಲೆ ಭಾವನ ಕಾರಿನಲ್ಲಿ ಹಾಡು ಕೇಳಿಸುತ್ತಿರಲಿಲ್ಲ. ಸ್ಟೀರಿಯೋ ಕೆಟ್ಟಿರಬೇಕೆಂದು ನಾನೇ ತೀರ್ಮಾನಿಸಿಬಿಟ್ಟೆ. ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಬ್ಬರೇ ಕೆಲಸಕ್ಕೆ ಓಡಾಡುವ ಮನುಷ್ಯ, ಜೊತೆಗೊಂದು ದನಿಯಾದರೂ ಇರಲಿ ಎಂದು ಹೊಸದೊಂದನ್ನು ಕೊಂಡು ಭಾನುವಾರ ಅವರ ಮನೆಗೆ ಹೋದೆ. ಭಾವ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಕೀ ತಿರುಗಿಸಿದೆ. ದೀಪವೇ ಹತ್ತಲಿಲ್ಲ. ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸಿದೆ, ಅರ್ತ್ ವೈರಿನ ತುದಿ ಉಜ್ಜಿ ಬಿಗಿದೆ. ಏನೂ ಆಗಲಿಲ್ಲ. ಬಿಸಿಲಿಗೆ ತಲೆ ಕೆಟ್ಟು, ಮಾರಿದ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಭಾವ ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಕೊನೆಗೆ ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ತೆರೆದೆ. ಸ್ಟೀರಿಯೋದ ಫ್ಯೂಸ್ ಇರಬೇಕಾದ ಜಾಗ ಖಾಲಿಯಿತ್ತು. ಸುಟ್ಟುಹೋಗಿದ್ದರೂ ಅದು ಅಲ್ಲೇ ಇರಬೇಕಿತ್ತಲ್ಲ.

"ಇಲ್ಲಿದ್ದ ಫ್ಯೂಸ್ ಏನಾಯ್ತು ಭಾವ?"

"ನಾನೇ ತೆಗೆದೆ ಮಾರಾಯ."

ನನಗೆ ರೇಗಿಹೋಯಿತು. "ಬೆಳಿಗ್ಗೆಯಿಂದ ಒದ್ದಾಡ್ತಿದೀನಿ, ಒಂದು ಮಾತು ಹೇಳ್ಬಾರ್ದಿತ್ತಾ?"

ಅವರು ಡ್ರೈವರ್ ಪಕ್ಕದ ಸೀಟನ್ನೇ ನೋಡುತ್ತಾ ಹೇಳಿದರು: "ಕೊನೇ ಸಲ ಶಿವಮೊಗ್ಗದ ಆಸ್ಪತ್ರೆಗೆ ಹೋಗ್ಬೇಕಾದ್ರೆ ನಿಮ್ಮಕ್ಕ, ಸ್ವಲ್ಪ ಸೌಂಡ್ ಕಮ್ಮಿ ಮಾಡಿ, ಏನೋ ಹೇಳ್ಬೇಕು ಅಂದ್ಲು. ಈ ಹಾಡೊಂದು ಮುಗೀಲಿ ಇರು ಅಂದೆ."

ಹಾಕಲೆಂದು ಬಾಕ್ಸಿನಿಂದ ತೆಗೆದಿದ್ದ ಸ್ಪೇರ್ ಫ್ಯೂಸ್ ನನ್ನ ಕೈಯಲ್ಲೇ ಇತ್ತು. "ಮುಗಿದ ಮೇಲೆ?" ಎಂದೆ.

"ಮುಗಿದ ಮೇಲೆ ಕೇಳಿದೆ. ಏನಿಲ್ಲ ಬಿಡಿ ಅಂದ್ಲು."